ಕೇಳುಗರು ಎಣಿಸಿದ ಇಪ್ಪತ್ತೊಂದು

ಊಟದ ಹೊತ್ತಿಗೆ ಮಿಲಿ ಸಾರ್ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ "ಏನಂತೆ ಇವತ್ತು?" ಎಂದು ಕೇಳುತ್ತಿದ್ದರು. ಊರಿನ ಸುದ್ದಿಯಲ್ಲ, ಆಫೀಸಿನ ಸುದ್ದಿಯೂ ಅಲ್ಲ. ತಾವು ಹಾಡಿದ ಆಲ್ಬಂ ಬಗ್ಗೆ ಜನ ಏನು ಬರೆದರು ಎಂಬುದಷ್ಟೇ ಅವರಿಗೆ ಬೇಕಿತ್ತು. ಐವತ್ತೆಂಟು ತುಂಬಿದ, ಕತ್ತಿನ ತನಕ ಅಂಗಿಯ ಗುಂಡಿ ಹಾಕಿ ಅದರ ಮೇಲೊಂದು ಬಿಳಿ ಕೋಟು ತೊಡುವ, ತೂಕ ಅಳತೆ ಇಲಾಖೆಯ ಪ್ರಯೋಗಾಲಯದ ಹಿರಿಯ ಅಧಿಕಾರಿ ರ‍್ಯಾಪ್ ಹಾಡಿದ್ದಾರೆ ಎಂದರೆ ನಂಬುವವರು ಯಾರು? ಆದರೂ ಹಾಡಿದ್ದರು. ಒಂಬತ್ತು ಹಾಡು, ಮೂವತ್ತೊಂದು ನಿಮಿಷ. ಆಲ್ಬಮ್ಮಿನ ಹೆಸರು ಅವರ ಕೋಣೆಯ ಬಾಗಿಲ ಮೇಲಿದ್ದ ಫಲಕದ್ದೇ: "ಮುಟ್ಟಬೇಡಿ, ತೂಗುತ್ತಿದ್ದೇವೆ".

ಓದಿ ಹೇಳುವವಳು ಮರುದನಿ. ಅದು ಅವಳ ಹೆಸರಲ್ಲ, ಆಫೀಸಿನವರು ಇಟ್ಟದ್ದು. ಹನ್ನೊಂದು ವರ್ಷದಿಂದ ಅವಳು ಮಿಲಿ ಸಾರ್ ಜೊತೆ ಒಂದೇ ಮೇಜಿಗೆ ಕೂತು, ಅವರು ಹೇಳಿದ್ದನ್ನು ತಿರುಗಿ ಹೇಳುತ್ತಾ ಬಂದಿದ್ದಳು. ಅವರಿಗೆ ಮಿಲಿ ಎಂಬ ಹೆಸರು ಬಂದದ್ದು ಒಂದು ಮಿಲಿಗ್ರಾಮನ್ನೂ ಯಾರಿಗೂ ಬಿಟ್ಟುಕೊಡದ ಜಿಗುಟು ಸ್ವಭಾವಕ್ಕೆ. ಎದುರಿಗೇ ಹಾಗೆ ಕರೆದರೂ ಅವರಿಗೆ ಬೇಜಾರಿರಲಿಲ್ಲ, ಒಳಗೊಳಗೇ ಖುಷಿಯಿತ್ತು.

"ಫೋನಿನ ಅಕ್ಷರ ಇರುವೆ ಸಾಲು ಕಣಮ್ಮ, ನೀನೇ ಓದು" ಎನ್ನುತ್ತಿದ್ದರು. ಅವಳು ಓದುತ್ತಿದ್ದಳು. ಇರುವೆ ಸಾಲಾಗಿ ಕಾಣುತ್ತಿದ್ದದ್ದು ಫೋನಿನ ಅಕ್ಷರ ಮಾತ್ರವಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮಿಲಿ ಸಾರ್ ಕಣ್ಣು ಹೋಗುತ್ತಿತ್ತು. ಅದು ಪ್ರಪಂಚದಲ್ಲಿ ತನ್ನೊಬ್ಬಳಿಗೇ ಗೊತ್ತು ಎಂದು ಅವಳು ತಿಳಿದಿದ್ದಳು.

ಅವರ ಕೆಲಸದ ಕ್ರಮ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಂಗಡಿಗಳ ತೂಕದ ಬೊಟ್ಟುಗಳು, ಆಸ್ಪತ್ರೆಯಲ್ಲಿ ಹಸುಗೂಸುಗಳನ್ನು ತೂಗುವ ಯಂತ್ರ, ದರ್ಜಿಗಳ, ಬಡಗಿಗಳ ಸ್ಕೇಲು, ಇವೆಲ್ಲ ಸರಿಯಿವೆಯೇ ಎಂದು ನೋಡಿ ಮುದ್ರೆ ಒತ್ತುವುದು ಅಲ್ಲಿಯ ಕೆಲಸ. ದೊಡ್ಡ ತಕ್ಕಡಿ ಗಾಜಿನ ಪೆಟ್ಟಿಗೆಯೊಳಗೆ ಇತ್ತು. ಪೆಟ್ಟಿಗೆಯ ಕೆಳಗೆ ಕಡ್ಡಿಯಷ್ಟು ಸಣ್ಣ ಹಸಿರು ಅಂಕಿಗಳು, ಒಂದು ಸಾಲಿಗೆ ಏಳು. ಒಬ್ಬರು ಅಂಕಿ ಕೂಗಬೇಕು. ಇನ್ನೊಬ್ಬರು ತಾವೂ ಕಣ್ಣಿಟ್ಟು ನೋಡಿ, ಅದೇ ಅಂಕಿಯನ್ನು ತಿರುಗಿ ಹೇಳಿ, ಪುಸ್ತಕದಲ್ಲಿ ಬರೆಯಬೇಕು. ಇಬ್ಬರು ಕಂಡದ್ದು ಬೇರೆಯಾದರೆ ಎರಡನೆಯವರು "ತಡೀರಿ" ಎನ್ನಬೇಕು. ಆಗ ಇಬ್ಬರೂ ಕೈ ಹಿಂದೆ ತೆಗೆದು, ಮೊದಲಿನಿಂದ ತೂಗಬೇಕು. ಅವಳು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಮಿಲಿ ಸಾರ್ ಇದನ್ನು ತಲೆಗೆ ತುಂಬಿದ್ದರು. "ನಿನ್ನ ಕೆಲಸ ನನ್ನನ್ನ ನಂಬೋದಲ್ಲ, ನನ್ನನ್ನ ತಡೆಯೋದು. ಅದಕ್ಕೇ ನಿಂಗೆ ಸಂಬಳ."

ರ‍್ಯಾಪ್ ಹುಟ್ಟಿದ್ದೂ ಈ ಕೂಗಿನಿಂದಲೇ. ತೂಗುವ ಕೋಣೆಗೆ ಇಬ್ಬರು ಮನುಷ್ಯರು ಹೊಕ್ಕರೆ ಮೈಯ ಶಾಖಕ್ಕೇ ತಕ್ಕಡಿ ಅಲ್ಲಾಡುತ್ತದೆ. ಆ ಶಾಖ ಆರುವ ತನಕ ಇಪ್ಪತ್ತು ನಿಮಿಷ ಅಲ್ಲಾಡದೆ ಕೂರಬೇಕು. ದಿನಕ್ಕೆ ಮೂರು ಸಲ ಹೀಗೆ ಕೂತರೆ ಮನುಷ್ಯನಿಗೆ ಹುಚ್ಚು ಹಿಡಿಯಬೇಕು, ಇಲ್ಲವೇ ಪದ್ಯ ಬರಬೇಕು. ಮಿಲಿ ಸಾರ್‌ಗೆ ಪದ್ಯ ಬಂತು. ತೂಕದ ಬೊಟ್ಟು ಗಾಜಿನ ಗೂಡಿನಲ್ಲಿ ಒಂಟಿಯಾಗಿ ಗೋಳಾಡುವುದನ್ನು ಮೊದಲು ಕಟ್ಟಿದರು: "ಮುಟ್ಟೋರಿಲ್ಲ ಮಾತಾಡ್ಸೋರಿಲ್ಲ ಇಲ್ಲಿ ತನಕ, ಎಲ್ರಿಗೂ ಗೊತ್ತು ನನ್ ತೂಕ, ಯಾರಿಗೂ ಬೇಡ ನನ್ ಶೋಕ." ಅವಳು ಅಭ್ಯಾಸಬಲದಿಂದ ಕೊನೆಯ ಪದವನ್ನು ತಿರುಗಿ ಹೇಳಿದಳು. ಹೇಳಿದ್ದೇ ತಡ, ಇಬ್ಬರಿಗೂ ನಗು ತಡೆಯಲಾಗದೆ ಕೋಣೆಯ ಶಾಖ ಮತ್ತೆ ಏರಿ, ಇನ್ನೂ ಇಪ್ಪತ್ತು ನಿಮಿಷ ಕೂರಬೇಕಾಯಿತು. ಆಮೇಲೆ ದಶಾಂಶ ಬಿಂದುವಿನ ಜಂಬದ ಹಾಡು ಬಂತು: "ನಾನೊಂದು ಚುಕ್ಕಿ, ನೋಡು ಬೇಕಾದ್ರೆ ಹೆಕ್ಕಿ, ಒಂದು ಮನೆ ಜರುಗಿದ್ರೆ ನಿನ್ನ ಲೆಕ್ಕ ಹಾರೋ ಹಕ್ಕಿ." ಹೀಗೆ ಮೂರು ವರ್ಷ.

ಹಾಡನ್ನು ಧ್ವನಿಮುದ್ರಿಸಿದ್ದು ಅವಳ ತಮ್ಮ. ಮೈಕ್ ಸೆಟ್ ಬಾಡಿಗೆಗೆ ಕೊಡುವ ಹುಡುಗಾಟದ ಆಸಾಮಿ. ಒಂದು ಶನಿವಾರ ಮಧ್ಯಾಹ್ನ ಕಚೇರಿ ಮುಗಿದ ಮೇಲೆ ತೂಗುವ ಕೋಣೆಗೇ ಮೈಕು ತಂದಿಟ್ಟ. ಗೋಡೆ ದಪ್ಪ, ಹೊರಗಿನ ಸದ್ದು ಬರುವುದಿಲ್ಲ, ಇದಕ್ಕಿಂತ ಸ್ಟುಡಿಯೋ ಬೇಕೇ? ಪ್ರತಿ ಹಾಡಿನ ನಡುವೆ ಅಂಕಿ ಕೂಗುವುದಿರಬೇಕು, ಅದೂ ಬಾಯಿಗೆ ಬಂದದ್ದಲ್ಲ, ಪುಸ್ತಕದಲ್ಲಿ ಮುದ್ರಿತವಾದ ನೀರಿನ ಸಾಂದ್ರತೆಯ ಕೋಷ್ಟಕದ ಅಂಕಿಯೇ ಆಗಿರಬೇಕು ಎಂದು ಮಿಲಿ ಸಾರ್ ಹಟ ಹಿಡಿದರು. ತಮಾಷೆಯಲ್ಲೂ ಅಳತೆ ತಪ್ಪಬಾರದಂತೆ. ಅವರು ಕೋಷ್ಟಕ ಹಿಡಿದು ಕೂಗಿದರು, ಅವಳು ಪಕ್ಕದಲ್ಲಿ ಬಗ್ಗಿ ಅದೇ ಹಾಳೆ ನೋಡುತ್ತಾ ತಿರುಗಿ ಹೇಳಿದಳು. ಅವರು ಎಂಟು ಎಂದರು. ಹಾಳೆಯಲ್ಲಿ ಮೂರಿತ್ತು. ಅವಳ ಬಾಯಿ ತಾನಾಗಿ ಮೂರು ಎಂದಿತು, ಅದೇ ತಾಳದಲ್ಲಿ, ಏನೂ ಆಗದ ಹಾಗೆ.

ತಾನಾಗಿ ಎಂದೆ. ಯಾಕೆಂದರೆ ಅಷ್ಟು ಹೊತ್ತಿಗೆ ಅವಳಿಗೆ ಅದು ರೂಢಿಯಾಗಿ ಹತ್ತು ತಿಂಗಳಾಗಿತ್ತು. ಮೊದಲ ಸಲ ಅವರು ಹಸಿರು ಅಂಕಿ ನೋಡಿ ಆರನ್ನು ಸೊನ್ನೆ ಎಂದಾಗ "ತಡೀರಿ" ಎಂಬ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ಅವತ್ತು ಹೊಸ ನಿರ್ದೇಶಕರು ಬಾಗಿಲಲ್ಲೇ ನಿಂತಿದ್ದರು. ಕಣ್ಣು ಮಂಜಾದವರನ್ನು ಆ ಇಲಾಖೆಯಲ್ಲಿ ತಕ್ಕಡಿಯ ಮುಂದೆ ಕೂರಿಸುವುದಿಲ್ಲ, ಕೆಳಗಿನ ಟಪಾಲು ವಿಭಾಗಕ್ಕೆ ಲಕೋಟೆ ಅಂಟಿಸಲು ಕಳಿಸುತ್ತಾರೆ. ಮಿಲಿ ಸಾರ್ ಲಕೋಟೆ ಅಂಟಿಸುವುದನ್ನು ನೆನೆದು ಅವಳ ಕರುಳು ಚುರ್ ಎಂದಿತು. ಮೆಲ್ಲಗೆ ಆರು ಎಂದು ಹೇಳಿ, ಆರು ಎಂದು ಬರೆದಳು. ಅವರು ಏನೂ ಅನ್ನಲಿಲ್ಲ. ಮಾರನೆಯ ದಿನ ಮತ್ತೊಂದು, ಆಚೆ ವಾರ ಎರಡು. ಹೊರಗೆ ಹೋದ ಒಂದು ಪ್ರಮಾಣಪತ್ರವೂ ತಪ್ಪಾಗಲಿಲ್ಲ. ಹಾಗಾಗಿ ತಾನು ಮಾಡುತ್ತಿರುವುದು ಪುಣ್ಯದ ಕೆಲಸವೆಂದೇ ಅವಳು ನಂಬಿದ್ದಳು.

ಆಲ್ಬಂ ಕೇಳಿದ ತಮ್ಮ ಮೊದಲು ಬಿದ್ದು ಬಿದ್ದು ನಕ್ಕಿದ್ದ. "ಅಕ್ಕ, ಅವ್ರು ಒಂದು ಹೇಳೋದು ನೀನು ಇನ್ನೊಂದು ಹೇಳೋದು ಸಕ್ಕತ್ತಾಗಿದೆ. ಅದನ್ನ ಮುಟ್ಟಲ್ಲ ನಾನು." ಕತ್ತರಿಸು ಎಂದು ಅವಳು ಗೋಗರೆದಳು. ತಾಳದ ಮೇಲೆ ಕೂತಿದೆ, ಕತ್ತರಿಸಿದರೆ ಹಾಡೇ ಕುಂಟುತ್ತದೆ ಎಂದು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಯಾರು ಅಷ್ಟು ಗಮನವಿಟ್ಟು ಕೇಳುತ್ತಾರೆ ಬಿಡು ಎಂದು ಅವಳೂ ಸುಮ್ಮನಾದಳು.

ಸಂಗೀತದ ಜಾಲತಾಣಕ್ಕೆ ಹಾಕಿ ಎರಡು ವಾರ ಕೇಳುವವರೇ ಇರಲಿಲ್ಲ. ಮೂರನೆಯ ವಾರ ಯಾರೋ ಪುಣ್ಯಾತ್ಮ "ತಕ್ಕಡಿಯ ಮುಂದೆ ಉಸಿರಾಡಿದವನಿಗೆ ಬೈಯೋ ಹಾಡು ಕೇಳಿ ಬಸ್ಸಲ್ಲಿ ಒಬ್ಬನೇ ನಕ್ಕೆ, ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು" ಎಂದು ಬರೆದ. ಅಲ್ಲಿಂದ ಶುರುವಾಯಿತು ನೋಡಿ, ಕೇಳುಗರ ಅಭಿಪ್ರಾಯದ ಜಾತ್ರೆ.

"ಬೆಳಗಿನ ಬಸ್ಸು ಅನ್ನೋರು ಇವತ್ತು ಮತ್ತೆ ಬರೆದಿದ್ದಾರೆ ಸಾರ್" ಎಂದು ಅವಳು ಓದುತ್ತಿದ್ದಳು. "'ಥರ್ಮಾಮೀಟರಿಗೆ ಜ್ವರ ಬಂದರೆ ನೋಡೋರು ಯಾರು ಅನ್ನೋ ಸಾಲು ಕೇಳಿದ ಮೇಲೆ ನನಗೆ ಥರ್ಮಾಮೀಟರ್ ಕಂಡರೆ ಅಯ್ಯೋ ಪಾಪ ಅನ್ಸುತ್ತೆ.'"

"ಸಹೃದಯಿ" ಎಂದರು ಮಿಲಿ ಸಾರ್, ತುತ್ತು ನುಂಗಿ.

"ಇನ್ನೊಬ್ಬರು, ಹೆಸರು ಫಿಸಿಕ್ಸ್ ಫೇಲ್ ಅಂತ. 'ನಾನು ಶಾಲೆಯಲ್ಲಿ ನೀರಿನ ಸಾಂದ್ರತೆ ಅಂದ್ರೆ ನಿದ್ದೆ ಮಾಡ್ತಿದ್ದೆ. ಏಳನೇ ಹಾಡು ಕೇಳಿ ಪುಸ್ತಕ ಹುಡುಕಿ ಓದಿದೆ. ನಾಲ್ಕು ಡಿಗ್ರಿಯಲ್ಲಿ ನೀರು ಯಾಕೆ ಅತಿ ಸಾಂದ್ರವಾಗುತ್ತೆ ಅಂತ ಈಗ ನನ್ನ ಹೆಂಡತಿಗೂ ಗೊತ್ತು, ಅವಳು ಕೇಳದಿದ್ದರೂ.'"

"ಬೈಯೋರು ಯಾರೂ ಇಲ್ವಾ?"

"ಇದ್ದಾರೆ. ಕಿವಿಗೆ ಹತ್ತಿ ಅನ್ನೋರು. 'ಇದು ಹಿಪ್‌ಹಾಪ್ ಅಲ್ಲ, ಕೊಂಕಣ ಸುತ್ತೋ ಸರ್ಕಾರಿ ಸುತ್ತೋಲೆಗೆ ತಾಳ ಹಾಕಿದ್ದಾರೆ. ಆ ಅಂಕಲ್‌ಗೆ ಒಂದು ನಿವೃತ್ತಿ ಕೊಡಿಸಿ.'"

ಮಿಲಿ ಸಾರ್ ಒಂದು ಕ್ಷಣ ಯೋಚಿಸಿದರು. "ಸುತ್ತೋಲೆಗೆ ತಾಳ. ಅದು ಒಳ್ಳೇ ಸಾಲು ಕಣಮ್ಮ, ಬರೆದಿಟ್ಕೋ. ಮುಂದಿನ ಆಲ್ಬಂಗೆ ಆಗುತ್ತೆ."

ಇಂಥ ಮನುಷ್ಯ. ನಲವತ್ತು ವರ್ಷ ಯಾರಿಂದಲೂ ಒಂದು ಹೊಗಳಿಕೆ ಕೇಳದೆ ಬೊಟ್ಟು ತೂಗಿದವರು, ಈಗ ಹೆಸರು ಗೊತ್ತಿಲ್ಲದವರ ಎರಡು ಸಾಲಿಗೆ ಮಗುವಿನ ಹಾಗೆ ಕಾಯುತ್ತಿದ್ದರು. ಅವರ ಮುಖ ನೋಡಿ ಅವಳಿಗೆ ಸಂತೋಷವಾಗುತ್ತಿತ್ತು. ತನ್ನ ಗುಟ್ಟು ಸರಿಯೇ ಎಂಬ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಆರನೆಯ ವಾರದ ಒಂದು ಸೋಮವಾರ ಕಾಜಾ ಹೊಲಿಯುವವಳು ಎಂಬ ಹೆಸರಿನಲ್ಲಿ ಉದ್ದದ ಅಭಿಪ್ರಾಯವೊಂದು ಬಂದಿತ್ತು. ಮರುದನಿ ಬಾಯಿ ತೆರೆದು ಓದಲು ಹೊರಟವಳು ಎರಡನೆಯ ಸಾಲಿಗೇ ನಿಂತುಬಿಟ್ಟಳು.

"ನಾನು ದಿನವಿಡೀ ಗುಂಡಿ ಕಾಜಾ ಹೊಲಿಯುತ್ತಾ ಕೇಳ್ತೀನಿ, ಹನ್ನೊಂದು ಸಲ ಕೇಳಿದ್ದೀನಿ. ನೀವೆಲ್ಲ ಪದ್ಯಕ್ಕೆ ನಗ್ತಿದ್ದೀರಿ. ನಾನು ನಗೋ ಜಾಗ ಬೇರೆ. ಅಂಕಿ ಕೂಗೋ ಕಡೆ ಕಿವಿ ಕೊಡಿ. ಗಂಡಸು ಒಂದು ಅಂಕಿ ಹೇಳ್ತಾನೆ. ಹೆಂಗಸು ಅದೇ ರಾಗದಲ್ಲಿ ಬೇರೆ ಅಂಕಿ ಹೇಳ್ತಾಳೆ. ಆಗ ಗಂಡಸು ಒಂದು ಚೂರು ಉಸಿರು ಎಳ್ಕೊಂಡು, ಏನೂ ಆಗದವನ ಥರ ಮುಂದೆ ಹೋಗ್ತಾನೆ. ಒಂಬತ್ತು ಹಾಡಲ್ಲಿ ಇಪ್ಪತ್ತೊಂದು ಸಲ, ಎಣಿಸಿದ್ದೀನಿ. ಇವರು ಗಂಡ ಹೆಂಡತಿ ಇರಬೇಕು. ಇಬ್ಬರಿಗೂ ಗೊತ್ತು, ಇಬ್ಬರೂ ಬಾಯಿ ಬಿಡಲ್ಲ. ನಮ್ಮ ಮನೆಯಲ್ಲೂ ಹೀಗೇ."

"ಯಾಕಮ್ಮ ನಿಲ್ಲಿಸಿದೆ?" ಎಂದರು ಮಿಲಿ ಸಾರ್.

"ಇವತ್ತು ಹೊಸದೇನೂ ಇಲ್ಲ ಸಾರ್" ಎಂದಳು. ಹನ್ನೊಂದು ವರ್ಷದಲ್ಲಿ ಅವರಿಗೆ ಅವಳು ಬಾಯಿಬಿಟ್ಟು ಹೇಳಿದ ಮೊದಲ ಸುಳ್ಳು ಅದು. ಅವಳು ಬೆಚ್ಚಿದ್ದು ಇಪ್ಪತ್ತೊಂದು ಎಂಬ ಲೆಕ್ಕಕ್ಕಲ್ಲ. ಆ ಉಸಿರಿನ ಮಾತಿಗೆ.

ಸಂಜೆ ಮನೆಗೆ ಹೋದವಳೇ ಕೈಕಾಲು ಸಹ ತೊಳೆಯದೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡಳು. ತಾನೇ ಹಾಡಿದ ಹಾಡನ್ನು ಅವಳು ಅಲ್ಲಿಯ ತನಕ ಸರಿಯಾಗಿ ಕೇಳಿಯೇ ಇರಲಿಲ್ಲ, ತನ್ನ ಧ್ವನಿ ಕೇಳಿದರೆ ಅವಳಿಗೆ ನಾಚಿಕೆ. ಮೂರನೆಯ ಹಾಡು, ದಶಾಂಶ ಬಿಂದು. ಸಾರ್ ಧ್ವನಿ ಎಂಟು ಎಂದಿತು. ಅವಳ ಧ್ವನಿ ಮೂರು ಎಂದಿತು. ಮತ್ತೆ ಒಂದು ಸಣ್ಣ ಉಸಿರು, ಮೂಗಿನಿಂದ ಎಳೆದದ್ದು. ಆಮೇಲೆ ಮುಂದಿನ ಅಂಕಿ. ಸರಿಯಾಗಿ ಹೇಳಿದ ಅಂಕಿಗಳ ನಂತರ ಆ ಉಸಿರು ಇರಲಿಲ್ಲ. ಅವಳು ಹಿಂದಕ್ಕೆ ತಿರುಗಿಸಿ ನಾಲ್ಕು ಸಲ ಕೇಳಿದಳು. ತಪ್ಪಿದ ಕಡೆಯೆಲ್ಲ ಇತ್ತು.

ಅಂದರೆ ಅವರಿಗೆ ಕೇಳಿಸಿತ್ತು. ಕಣ್ಣು ಕೈಕೊಟ್ಟಿರಬಹುದು, ಕಿವಿಗೇನಾಗಿತ್ತು? ಪಕ್ಕದ ಕೋಣೆಯಲ್ಲಿ ಗುಂಡುಸೂಜಿ ಬಿದ್ದರೆ ತಲೆ ಎತ್ತುವ ಮನುಷ್ಯ. ತನ್ನ ಪಕ್ಕದಲ್ಲಿ ಕೂತವಳು ಬೇರೆ ಅಂಕಿ ಹೇಳಿದ್ದು ಕೇಳದೇ ಇರುತ್ತದೆಯೇ? ಇಷ್ಟು ಸುಲಭದ ಮಾತು ಇಷ್ಟು ದಿನ ತನ್ನ ತಲೆಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಅವರು ಯಾಕೆ ಸುಮ್ಮನಿದ್ದಾರೆ ಎಂಬುದು ಮಾತ್ರ ಎಷ್ಟು ತಿಣುಕಿದರೂ ಗೊತ್ತಾಗಲಿಲ್ಲ.

ಆ ವಾರವಿಡೀ ಕೇಳುಗರಿಗೆ ಅದೇ ಆಟವಾಯಿತು. ಬೆಳಗಿನ ಬಸ್ಸು ಇಪ್ಪತ್ತೊಂದನ್ನೂ ನಿಮಿಷ ಸೆಕೆಂಡಿನ ಸಮೇತ ಪಟ್ಟಿ ಮಾಡಿದ. ಫಿಸಿಕ್ಸ್ ಫೇಲ್ ಎಂಬಾತ ಕೋಷ್ಟಕ ತೆಗೆದು ಹೋಲಿಸಿ ನೋಡಿ, ಹೆಂಗಸು ಹೇಳಿದ್ದೇ ಪ್ರತಿ ಸಲವೂ ಸರಿ ಎಂದು ಸಾರಿದ. ಕಿವಿಗೆ ಹತ್ತಿ ಕೂಡ ಬಂದು "ಇದು ಬೇಕಂತ ಮಾಡಿದ್ದಾದರೆ ನನ್ನ ಮಾತು ವಾಪಸ್, ಇವರು ಜಾಣರು" ಎಂದು ತಪ್ಪೊಪ್ಪಿಕೊಂಡ. ಗುರುವಾರ ಮತ್ತೊಬ್ಬರು ಎರಡೇ ಸಾಲು ಬರೆದರು. "ಮೂರು ಎಂಟಾಗ್ತಿದೆ, ಆರು ಸೊನ್ನೆ ಆಗ್ತಿದೆ, ಒಂದು ಏಳಾಗ್ತಿದೆ. ಬೇರೆ ಯಾವ ಅಂಕಿಯೂ ತಪ್ಪಿಲ್ಲ. ತಮಾಷೆ ಇರಲಿ, ಆ ದೊಡ್ಡವರನ್ನು ಯಾರಾದರೂ ಕಣ್ಣಿನ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ." ಅದಕ್ಕೆ ನಲವತ್ತು ಜನ ನಗುವ ಚಿತ್ರ ಅಂಟಿಸಿದ್ದರು.

ಮರುದನಿಗೆ ನಗು ಬರಲಿಲ್ಲ. ಊರು ಕೇರಿ ಗೊತ್ತಿಲ್ಲದ, ಮುಖ ನೋಡದ ಯಾರೋ ಒಬ್ಬರು ಮೂವತ್ತೊಂದು ನಿಮಿಷ ಕೇಳಿ ಹೇಳಿದ ಮಾತನ್ನು ಪಕ್ಕದಲ್ಲೇ ಕೂತ ತಾನು ವರ್ಷ ಕಳೆದರೂ ಹೇಳಿರಲಿಲ್ಲ. ಡಾಕ್ಟರು ಎಂಬ ಶಬ್ದ ಅವಳ ತಲೆಯಲ್ಲಿ ಒಂದು ದಿನವೂ ಸುಳಿದಿರಲಿಲ್ಲ. ಸುಳಿದದ್ದೆಲ್ಲ ಟಪಾಲು ವಿಭಾಗ.

ಶುಕ್ರವಾರ ಮಿಲಿ ಸಾರ್ ಡಬ್ಬಿಯನ್ನು ಮುಟ್ಟಲೇ ಇಲ್ಲ. "ನಿನ್ನ ತಮ್ಮ ಬೆಳಿಗ್ಗೆ ಫೋನ್ ಮಾಡಿದ್ದ" ಎಂದರು. "'ಸಾರ್, ನಿಮ್ಮ ಇಪ್ಪತ್ತೊಂದು ಹಿಟ್ ಆಗ್ಬಿಟ್ಟಿದೆ' ಅಂದ. ಏನದು ಇಪ್ಪತ್ತೊಂದು? ಕಾಜಾ ಹೊಲಿಯೋರು ಯಾರೋ ಬರೆದಿದ್ದಾರಂತೆ, ಓದು."

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಅವಳು ಓದಿದಳು. ಕಣ್ಣಿನ ಡಾಕ್ಟರ ಮಾತನ್ನೂ ಓದಿದಳು. ಒಂದಕ್ಷರ ಬಿಡಲಿಲ್ಲ. ಮಿಲಿ ಸಾರ್ ತಲೆ ತಗ್ಗಿಸಿ ಕೇಳಿದರು. ಓದಿ ಮುಗಿದ ಮೇಲೆ ತಕ್ಕಡಿಯ ಕೋಣೆಯಲ್ಲಿ ಶಾಖ ಆರಲು ಕಾಯುವವರ ಹಾಗೆ ಸುಮ್ಮನೆ ಕೂತರು.

"ನಾನು ಉಸಿರು ಎಳ್ಕೊಳ್ಳೋದು ನಿಂಗೆ ಗೊತ್ತಿತ್ತಾ?"

"ಇಲ್ಲ ಸಾರ್. ಸೋಮವಾರ ಗೊತ್ತಾಯ್ತು."

"ನೀನು ಬದಲಾಯಿಸೋದು ನಂಗೆ ಮೊದಲನೇ ದಿನದಿಂದ ಗೊತ್ತು. ಆರು ಅಂದೆ ನೀನು, ನಾನು ಸೊನ್ನೆ ಅಂದಿದ್ದೆ. ನಿರ್ದೇಶಕರು ಬಂದಿದ್ರು."

"ಮತ್ತೆ ಯಾಕೆ ಸುಮ್ನಿದ್ರಿ ಸಾರ್?"

"ನೀನು ತಡೀರಿ ಅನ್ನಲಿಲ್ಲ." ಅವರು ಧ್ವನಿ ಏರಿಸಲಿಲ್ಲ. "ನೀನು ತಡೀಲಿಲ್ಲ ಅಂದ್ರೆ ದೊಡ್ಡದೇನಲ್ಲ, ಏನೋ ಆಯಾಸ, ವಯಸ್ಸು ಅಂದ್ಕೊಂಡೆ. ದೊಡ್ಡದಾಗಿದ್ರೆ ನೀನು ಬಿಡ್ತಿರಲಿಲ್ಲ, ನಾನೇ ಕಲಿಸಿರೋ ಹುಡುಗಿ. ಪ್ರತಿ ಸಲ ಕಾಯ್ತಿದ್ದೆ. ಈ ಸಲ ಅಂತಾಳೆ, ಈ ಸಲ ಅಂತಾಳೆ ಅಂತ. ನೀನು ಅನ್ನಲಿಲ್ಲ, ನಂಗೆ ಸಮಾಧಾನ ಆಗ್ತಿತ್ತು. ಭಯಾನೂ ಇತ್ತು ಅನ್ನು. ಭಯ ಇದ್ದೋನಿಗೆ ಸಮಾಧಾನ ಬೇಗ ಆಗುತ್ತೆ."

"ನಿಮ್ಮನ್ನ ಟಪಾಲಿಗೆ ಹಾಕ್ತಾರೆ ಅಂತ..."

"ಹಾಕ್ಲಿ. ಲಕೋಟೆ ಅಂಟಿಸಿದ್ರೆ ಸತ್ತು ಹೋಗ್ತಿದ್ನಾ?" ಎಂದವರು ಥಟ್ಟನೆ ಏನೋ ನೆನಪಾದವರಂತೆ ತಲೆ ಎತ್ತಿದರು. "ಆ ಮೂರು ಸ್ಕೇಲು?"

ಅದೊಂದು ಬೇರೆ ಕತೆ. ಹೋದ ವರ್ಷ ಬಡಗಿಗಳ ಮೂರು ಉಕ್ಕಿನ ಸ್ಕೇಲುಗಳನ್ನು ಮಿಲಿ ಸಾರ್ ಒಂದಾದ ಮೇಲೊಂದು ತಿರಸ್ಕರಿಸಿದ್ದರು. ಗೆರೆಗಳು ನಡುವೆ ಡೊಂಕಾಗಿವೆ, ಮಾಡಿದವನಿಗೆ ಮಾನ ಮರ್ಯಾದೆ ಇಲ್ಲ ಎಂದು ರೇಗಾಡಿದ್ದರು. ಆ ಸಿಟ್ಟಿನಲ್ಲೇ "ಡೊಂಕು ಸ್ಕೇಲು" ಎಂಬ ಐದನೆಯ ಹಾಡು ಕಟ್ಟಿದ್ದು. ಆಲ್ಬಮ್ಮಿನಲ್ಲಿ ಜನ ಅತಿ ಹೆಚ್ಚು ಮೆಚ್ಚಿದ ಹಾಡು ಅದೇ. ಜೀವಮಾನವೆಲ್ಲ ಅಳೆದ ಮನುಷ್ಯನಿಗೆ ಗೆರೆ ಡೊಂಕಾಗಿ ಕಂಡರೆ ಗೆರೆಯದೇ ತಪ್ಪು, ಬೇರೆ ಯಾರಾದರೂ ಆಗಿದ್ದರೆ ಕಣ್ಣುಜ್ಜಿಕೊಳ್ಳುತ್ತಿದ್ದರು.

"ನೆಟ್ಟಗಿದ್ವು ಸಾರ್" ಎಂದಳು ಮರುದನಿ. "ನೀವು ಮನೆಗೆ ಹೋದ ಮೇಲೆ ನಾನೊಬ್ಳೇ ಮತ್ತೆ ಅಳೆದೆ. ಮೂರೂ ಸರಿ ಇದ್ವು. ಮುದ್ರೆ ಒತ್ತಿ ಕಳಿಸ್ದೆ."

ಮಿಲಿ ಸಾರ್ ಹೇಳಿದ್ದು ಅವಳ ಎದೆಗೆ ನಾಟಿತು. "ಸ್ಕೇಲಿನ ಮರ್ಯಾದೆ ಉಳಿಸಿದೆ. ಅಂಗಡಿಯವರ ಬೊಟ್ಟಿನ ಲೆಕ್ಕ ಉಳಿಸಿದೆ. ನನ್ನ ಮರ್ಯಾದೇನೂ ಉಳಿಸಿದೆ. ಕಣ್ಣು ಮಾತ್ರ ಯಾರೂ ನೋಡ್ಲಿಲ್ಲ, ನಾನೂ ಸೇರಿ." ಎದ್ದು ಕೋಟು ತೆಗೆದು ಕುರ್ಚಿಗೆ ಹಾಕಿದರು. "ನಾಳೆ ಬಾ ನನ್ ಜೊತೆ. ಮನೆಯವಳನ್ನ ಕರ್ಕೊಂಡು ಹೋದ್ರೆ ದಾರಿಯಲ್ಲೇ ಅತ್ತುಬಿಡ್ತಾಳೆ."

ಅವಳೂ ಅಳುವುದರಲ್ಲಿದ್ದಳು. ಬರುತ್ತೇನೆ ಎಂದಳು.

ಕಣ್ಣಿನ ಡಾಕ್ಟರು ಅವಳ ವಯಸ್ಸಿನ ಹೆಂಗಸೇ, ಮಾತು ಕಡಿಮೆ. ಎರಡೂ ಕಣ್ಣಿಗೆ ಔಷಧಿ ಬಿಟ್ಟು ಕಾಯಿಸಿ, ಯಂತ್ರದೊಳಗೆ ಗಲ್ಲ ಇಡಿಸಿ, ಕಣ್ಣಿನ ಹಿಂಭಾಗದ ಚಿತ್ರ ತೆಗೆದರು. ಇಷ್ಟಕ್ಕೂ ಮೊದಲು ಗೋಡೆಯ ಮೇಲಿನ ಬೆಳಕಿನ ಫಲಕ ತೋರಿಸಿ ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿದ್ದರು. ಅದರಲ್ಲಿದ್ದದ್ದು ಅಂಕಿಗಳು. ಮಿಲಿ ಸಾರ್ ತೂಗುವ ಕೋಣೆಯ ಅದೇ ಧ್ವನಿಯಲ್ಲಿ, ಅದೇ ತಾಳದಲ್ಲಿ ಕೂಗಿದರು. ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತ ಮರುದನಿಗೆ ಫಲಕ ಸ್ಪಷ್ಟವಾಗಿ ಕಾಣುತ್ತಿತ್ತು. ಮೂರನೆಯ ಸಾಲಿನಲ್ಲಿ ಎರಡು ತಪ್ಪು. ನಾಲ್ಕನೆಯದರಲ್ಲಿ ಸರಿಯಿದ್ದದ್ದೇ ಒಂದು. ಪ್ರತಿ ತಪ್ಪಿಗೂ ಅವಳ ನಾಲಗೆ ಮೇಲೆದ್ದಿತು. ಅವಳು ತುಟಿ ಕಚ್ಚಿ ಕೂತಳು. ಡಾಕ್ಟರಿಗೆ ಅವರ ತಪ್ಪುಗಳು ಬೇಕಾಗಿದ್ದವು, ಹಾಗೆಯೇ, ತಿದ್ದದೆ.

ಚಿತ್ರಗಳನ್ನು ನೋಡಿ ಮುಗಿಸಿ ಡಾಕ್ಟರು ಕುರ್ಚಿ ತಿರುಗಿಸಿದರು.

"ನೋಡುವ ಪರದೆಯ ನಡುಮಧ್ಯ ನೀರು ತುಂಬ್ಕೊಂಡು ಕಲೆ ಕಟ್ಟಿದೆ. ಎಡಗಣ್ಣಿಂದು ಪೂರ್ತಿ ಹಾಳಾಗಿದೆ, ಅದು ವಾಪಸ್ ಬರಲ್ಲ. ನೇರವಾಗಿ ನೋಡಿದ್ರೆ ಎದುರಿಗಿರೋರ ಮುಖ ಕಾಣಲ್ಲ, ಸುತ್ತ ಕಾಣುತ್ತೆ. ಬಲಗಣ್ಣು ಇನ್ನೂ ಉಳೀಬಹುದು. ಈ ವಾರಾನೇ ಇಂಜೆಕ್ಷನ್ ಶುರು ಮಾಡೋಣ, ಈಗ ಎಷ್ಟಿದೆಯೋ ಅಷ್ಟಾದ್ರೂ ಉಳಿಸ್ಕೊಳ್ಳೋಣ."

"ಅಂಕಿ ಓದೋಕಾಗುತ್ತಾ?" ಎಂದು ಮಿಲಿ ಸಾರ್ ಕೇಳಿದರು.

"ದೊಡ್ಡವು. ಸಣ್ಣವು ಆಗಲ್ಲ." ಡಾಕ್ಟರು ಚೀಟಿ ಎಳೆದುಕೊಂಡರು. "ಇದು ಶುರುವಾದ ಒಂದೆರಡು ತಿಂಗಳಲ್ಲಿ ಬಂದಿದ್ರೆ ಎರಡೂ ಕಣ್ಣು ಉಳೀತಿತ್ತು. ಬರೆದುಕೊಳ್ಳಬೇಕು, ಹೇಳಿ. ನೋಡೋದರಲ್ಲಿ ವ್ಯತ್ಯಾಸ ಇದೆ ಅಂತ ಮೊದಲು ಯಾವಾಗ ಗೊತ್ತಾಯ್ತು?"

ಎರಡೂ ಕಣ್ಣು ಎಂಬ ಮಾತು ಮರುದನಿಯ ಕಿವಿಯಲ್ಲೇ ನಿಂತಿತ್ತು. ಮಿಲಿ ಸಾರ್ ಅವಳ ಕಡೆ ತಿರುಗಲಿಲ್ಲ. ಬೆನ್ನು ನೇರ ಮಾಡಿಕೊಂಡು, ತಕ್ಕಡಿಯ ಮುಂದೆ ಕೂತಾಗಿನ ಹಾಗೇ, ಸ್ಪಷ್ಟವಾಗಿ ಹೇಳಿದರು.

"ಒಂದು ತಿಂಗಳಾಯ್ತು ಅಷ್ಟೇ. ಅದಕ್ಕೆ ಮುಂಚೆ ಯಾರಿಗೂ ಗೊತ್ತಾಗಲಿಲ್ಲ."

ನಲವತ್ತು ವರ್ಷದಲ್ಲಿ ಒಂದು ಮಿಲಿಗ್ರಾಮನ್ನೂ ಅತ್ತಿತ್ತ ಮಾಡದ ಮನುಷ್ಯ. ಡಾಕ್ಟರು ನಂಬಿ ಪೆನ್ನು ಚೀಟಿಗೆ ತಾಗಿಸಿದರು. ಇವಳು ಸುಮ್ಮನಿದ್ದರೆ ಸಾಕಿತ್ತು. ಯಾರೂ ಎಂದೂ ಕೇಳುವವರಿರಲಿಲ್ಲ, ಅವರಂತೂ ಸಾಯುವ ತನಕ ಬಾಯಿ ಬಿಡುವವರಲ್ಲ.

"ಅಲ್ಲ ಡಾಕ್ಟ್ರೇ" ಎಂದಳು. ಎದ್ದು ನಿಂತಿದ್ದಳು, ಯಾವಾಗ ಎದ್ದಳೋ ಅವಳಿಗೇ ಗೊತ್ತಿರಲಿಲ್ಲ. "ಅವರು ಹೇಳ್ತಿರೋದು ತಪ್ಪು. ಹದಿನಾಲ್ಕು ತಿಂಗಳು. ನಂಗೆ ಗೊತ್ತಿತ್ತು. ದಿನಾ ಪಕ್ಕದಲ್ಲೇ ಕೂತು ನೋಡಿದ್ದೀನಿ, ಹೇಳಲಿಲ್ಲ."

ಡಾಕ್ಟರು ಪೆನ್ನೆತ್ತಿ ಇಬ್ಬರನ್ನೂ ನೋಡಿದರು. ಮಿಲಿ ಸಾರ್ ಮೆಲ್ಲಗೆ ಅವಳತ್ತ ತಿರುಗಿದರು. ಮುಖವನ್ನು ಒಂದಿಷ್ಟು ಪಕ್ಕಕ್ಕೆ ಹೊರಳಿಸಿ, ಅವಳ ಮುಖ ಎಲ್ಲಿ ಸಿಗುತ್ತದೆ ಎಂದು ಹುಡುಕಿದರು. ಸಿಕ್ಕಿತೋ ಇಲ್ಲವೋ, ಹಾಗೇ ನೋಡುತ್ತಾ ಡಾಕ್ಟರಿಗೆ ಹೇಳಿದರು.

"ಅವಳು ಹೇಳಿದ್ದೇ ಸರಿ. ಅದನ್ನೇ ಬರ್ಕೊಳ್ಳಿ."